ಕಥಿ ಬ್ಯಾರೆ, ಚಿತ್ರ ಬ್ಯಾರೆ: ಬೀದರಿನ ಒಬ್ಬ ದೆವ್ವದ ಕಥಿಗಾರ್ತಿಯ ಪ್ರಕರಣ

ಮೊದಲೇ ಹೇಳಿಬಿಡ್ತೀನಿ, ಈ ಪ್ರಕರಣದಾಗ ತಪ್ಪು ಮಾಡಿದವರ ಪೈಕಿ ನಾನೂ ಒಬ್ಬ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ನಂದೊಂದು ಸಣ್ಣ ಡಿಟಿಪಿ ಅಂಗಡಿ ಅದ, ಲಗ್ನಪತ್ರಿಕಿ, ಪ್ರಶ್ನೆಪತ್ರಿಕಿ, ಕವನ ಸಂಕಲನ ಎಲ್ಲಾ ಅಲ್ಲೇ ಆಗ್ತಾವ, ಮತ್ತ ಈ ಹುಡುಗಿ ನಮ್ಮ ಕಾಕಾನ ಮಗಳು, ಬೀದರಿನಾಗ ಇರ್ತಾಳ. ಹೆಸರು ಹಾಕಬ್ಯಾಡ ಅಣ್ಣಾ ಅಂದಾಳ, ಹಾಕಂಗಿಲ್ಲ. ವಯಸ್ಸು 28, ದೆವ್ವದ ಕಥಿ ಬರೀತಾಳ, ಅದಕ್ಕ ಚಿತ್ರಾನೂ ತಾನೇ ಬರೀತಾಳ, ಆರು ವರ್ಷದಿಂದ ಇದನ್ನೇ ಕಸುಬು ಮಾಡ್ಕೋಬೇಕು ಅಂತ ಹೊಂಟಾಳ. ‘ಕಥಿ ಬರದು ಹೊಟ್ಟಿ ತುಂಬ್ತದೇನು’ ಅಂತ ಕೇಳೋರು ಭಾಳ ಮಂದಿ, ಆದ್ರ ಆಕಿ ಎಲ್ಲಿ ಎಡವಿದಳು, ಎಲ್ಲಿ ಎದ್ದಳು ಅಂತ ಯಾರೂ ಕೇಳಂಗಿಲ್ಲ. ನಾನು ಬಾಜೂಕ ಕುಂತು ನೋಡಿದವನು, ನನಗ ಕಂಡಿದ್ದು ಇಷ್ಟೇ, ಕಥಿ ಮತ್ತ ಚಿತ್ರ ಎರಡೂ ಒಬ್ಬಾಕಿ ಕೈಯಿಂದ ಬಂದ್ರೂ ಅವು ಎರಡು ಬ್ಯಾರೆ ಬ್ಯಾರೆ ಮಾಲು. ಇದು ತಿಳೀಲಿಕ್ಕೆ ಆಕಿಗೂ ನನಗೂ ಒಂದು ಪುಸ್ತಕ ಹಾಳಾಗಬೇಕಾಯ್ತು.

ಆಕಿ ಬೆಳೆದಿದ್ದು ಚೌಬಾರಾ ಕಡೆ, ಹಳೇ ಊರಿನ ಒಳಗ. ಅವರ ಓಣಿಯೊಳಗ ಒಂದು ಬಿದರಿ ಕಾರ್ಖಾನಿ ಇತ್ತು, ಕಾರ್ಖಾನಿ ಅಂದ್ರ ಏನ್ ದೊಡ್ಡದಲ್ಲ, ಒಂದೇ ಖೋಲಿ, ನಾಲ್ಕು ಮಂದಿ ನೆಲಕ್ಕ ಕುಂತು ಕೆಲಸ ಮಾಡೋದು. ಸಾಲಿ ಬಿಟ್ಟ ಕೂಡ್ಲೇ ಅಲ್ಲಿಗೆ ಹೋಗಿ ಕೆಲಸ ಮಾಡೋ ಒಬ್ಬ ಚಾಚಾನ ಪಕ್ಕ ಕೂಡ್ತಿದ್ದಳು. ಸತು ಜಾಸ್ತಿ, ತಾಮ್ರ ಸ್ವಲ್ಪ ಕೂಡಿಸಿ ಎರಕ ಹೊಯ್ದ ಪಾತ್ರಿ, ಅದರ ಮ್ಯಾಲ ಉಳಿಯಿಂದ ಗೆರಿ ಕೊರೆದು ಬೆಳ್ಳಿ ತಂತಿ ಕೂಡ್ರಸಿ ಬಡಿಯೋದು, ಅಲ್ಲಿ ತನಕ ಎಲ್ಲಾ ಬೂದು ಬೂದು, ಬೆಳ್ಳಿ ಯಾವುದು ಸತು ಯಾವುದು ಅಂತ ದೂರದಿಂದ ಗೊತ್ತೇ ಆಗಂಗಿಲ್ಲ. ಕಡೀಕ ಕೋಟೆಯೊಳಗಿನ ಮಣ್ಣು, ನವಸಾಗರ ಅನ್ನೋ ಉಪ್ಪು ಕೂಡಿಸಿ, ಪಾತ್ರಿ ಬಿಸಿ ಮಾಡಿ ತಿಕ್ಕಿದಾಗ ಮೈಯೆಲ್ಲಾ ಕರ್ರಗ ಆಗ್ತದ, ಬೆಳ್ಳಿ ಮಾತ್ರ ಹಂಗೇ ಬೆಳ್ಳಗ ಉಳೀತದ. 2006ರಾಗ ಇದಕ್ಕ ಜಿಐ ಟ್ಯಾಗ್, ಅಂದ್ರ ಈ ಮಾಲು ಈ ಊರಿಂದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದ್ದು ಎಲ್ಲರಿಗೂ ಗೊತ್ತು, ಆದ್ರ ಆ ಹುಡುಗಿ ತಲಿಯೊಳಗ ಕುಂತಿದ್ದು ಆ ಒಂದು ಗಳಿಗಿ, ಕಪ್ಪು ಬಂದ ಮ್ಯಾಲೇ ಚಿತ್ರ ಕಾಣಸ್ತದ ಅನ್ನೋದು. ಇದನ್ನ ನೆನಪಿಟ್ಕೊಳ್ರಿ, ಮುಂದ ಬರ್ತದ.

ಪಿಯುಸಿ ಆದ ಮ್ಯಾಲ ಚಿತ್ರಕಲಾ ಕಾಲೇಜಿಗೆ ಅಂತ ಕಲಬುರಗಿಗೆ ಬಂದಳು, ನಮ್ಮ ಮನ್ಯಾಗೇ ಇದ್ದಳು. ಕಾಕಾಗ ಮನಸ್ಸಿರಲಿಲ್ಲ, ಚಿತ್ರ ಬರದು ಏನ್ ಮಾಡ್ತೀ ಅಂದ. ನಾನು ಎಸ್. ಎಂ. ಪಂಡಿತರ ಹೆಸರು ಹೇಳಿ ಒಪ್ಪಿಸಿದೆ. ಪಂಡಿತರು ನಮ್ಮ ಕಲಬುರಗಿಯವರೇ, 1916ರಾಗ ಹುಟ್ಟಿದವರು, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರದು ಹೆಸರು ಮಾಡಿದವರು. ಪ್ರಿಂಟ್ ಆಗೋ ಚಿತ್ರದಿಂದ ಹೊಟ್ಟಿ ತುಂಬಿಸ್ಕೊಂಡ ಮನುಷ್ಯಾ ನಮ್ಮೂರಾಗೇ ಹುಟ್ಟ್ಯಾನ. ಅವರ ಹೆಸರಿನ ರಂಗಮಂದಿರಕ್ಕ ವರ್ಷಕ್ಕ ಹತ್ತು ಸಲ ಹೋಗ್ತೀವಿ, ಹೋದವರಾಗ ಎಷ್ಟು ಮಂದಿಗೆ ಅವರು ಯಾರು ಅಂತ ಗೊತ್ತದ ಅಂತ ಕೇಳಿದ್ರ ನಾಚಿಕಿ ಆಗ್ತದ, ಇರ್ಲಿ.

ಕಾಲೇಜಿನ ಕಡೀ ವರ್ಷದಾಗ ಮೊಬೈಲಿನ ಒಂದು ಕಥಿ ಆ್ಯಪ್‌ನಾಗ ಧಾರಾವಾಹಿ ಬರೀಲಿಕ್ಕೆ ಶುರು ಮಾಡಿದಳು. ಮೊದಲಿನ ಕಥಿ ಓದಿದ್ರ ನಿಮಗ ನಗು ಬರ್ತದ. ಮಲೆನಾಡಿನ ಎಸ್ಟೇಟ್ ಬಂಗಲೆ, ಧೋ ಅಂತ ಮಳಿ, ಮಂಜು, ಬಿಳಿ ಸೀರಿ, ರಾತ್ರಿ 12 ಗಂಟೆ. ಅಕಿ ಒಂದು ಸಲಾನೂ ಮಲೆನಾಡು ನೋಡಿದವಳಲ್ಲ, ಬೀದರಿನ ಹುಡುಗಿಗೆ ಜಿಗಣಿ ಹ್ಯಾಂಗ ಇರ್ತದ ಅಂತಾನೂ ಗೊತ್ತಿಲ್ಲ, ಆದ್ರೂ ಕಥಿಯೊಳಗ ಜಿಗಣಿ. ಭಾಷಾ ಅಂತೂ ಪೂರಾ ಪಠ್ಯಪುಸ್ತಕದ್ದು, ದೆವ್ವ ಬಂದು ‘ನೀನು ಏಕೆ ಬಂದಿರುವೆ’ ಅಂತ ಕೇಳ್ತಿತ್ತು. ನಾನಂದೆ, ತಂಗಿ, ನಮ್ಮ ಕಡೆ ದೆವ್ವ ಹಿಂಗ ಮಾತಾಡ್ತದೇನು? ಆಕಿಗೆ ಸಿಟ್ಟು ಬಂತು, ಎರಡು ದಿನ ನನ್ನ ಜೋಡಿ ಮಾತು ಬಿಟ್ಟಳು.

ಮೂರನೇ ದಿನ ತಾನೇ ಬಂದು ಕೇಳಿದಳು, ಅಣ್ಣಾ, ಸಣ್ಣಾಕಿದ್ದಾಗ ನಮ್ಮ ಆಯಿ ನಮಗ ರಾತ್ರಿ ಹೊರಗ ಹೋಗಬ್ಯಾಡ ಅಂತಿದ್ದಿಲ್ಲ, ಮಟ ಮಟ ಮಧ್ಯಾಹ್ನ ಹೋಗಬ್ಯಾಡ ಅಂತಿದ್ದಳು, ಖರೆ ಇಲ್ಲೇನು ಅಂತ. ಖರೆ ಅದ. ನಮ್ಮ ಕಡೆ ಏಪ್ರಿಲ್-ಮೇದಾಗ 42, 43 ಡಿಗ್ರಿ ಬಿಸಿಲು, ಮಧ್ಯಾಹ್ನ ಓಣಿಯೊಳಗ ನಾಯಿ ಸೈತ ಇರಂಗಿಲ್ಲ, ಕರೆಂಟ್ ಹೋಗಿರ್ತದ, ಎಲ್ಲಾ ಬಾಗಿಲಾ ಮುಚ್ಚಿರ್ತಾವ, ಅಂಥಾ ಹೊತ್ತಿನಾಗ ಬಾವಿ ಕಡೆ ಹೋಗಬ್ಯಾಡ, ಹುಣಸಿ ಗಿಡದ ಕೆಳಗ ನಿಂದ್ರಬ್ಯಾಡ, ಗಾಳಿ ಸೋಕ್ತದ ಅಂತ ಹಿರ್ಯಾರು ಬೈತಿದ್ರು. ಅಂಜಿಕಿಗೆ ಕತ್ತಲಿನೇ ಬೇಕಂತಿಲ್ಲ, ನಮಗ ಬೆಳಕೇ ಸಾಕು. ಅಲ್ಲಿಂದ ಆಕಿ ಕಥಿ ಪೂರಾ ತಿರುಗಿತು. ನೌಬಾದ್ ಕಡೆ ಸುರಂಗ ಬಾವಿ ಅದ ಅಲ್ಲ, ಬಹಮನಿ ಕಾಲದ ಕರೇಜ್, ನೆಲದ ಕೆಳಗ ನೀರಿನ ಕಾಲುವೆ, ಮ್ಯಾಲ ಸಾಲಾಗಿ ಬಾವಿಯಂಥ ಕಿಂಡಿ, ಅದನ್ನ ಇಟ್ಕೊಂಡು ಒಂದು ಕಥಿ ಬರದಳು. ಮಧ್ಯಾಹ್ನ ಒಬ್ಬ ಹುಡುಗ ಒಂದು ಕಿಂಡಿಯೊಳಗ ಬಗ್ಗಿ ತನ್ನ ಹೆಸರು ಕೂಗ್ತಾನ, ಪ್ರತಿಧ್ವನಿ ಆ ಕಿಂಡಿಯಿಂದ ಬರಂಗಿಲ್ಲ, ಮುಂದಿನ ಕಿಂಡಿಯಿಂದ ಬರ್ತದ, ಆಮ್ಯಾಲ ಅದರ ಮುಂದಿನದರಿಂದ, ಹಂಗೇ ಅವರ ಮನಿ ಕಡೆ ನಡಕೋತ ಹೋಗ್ತದ. ಮಾತೆಲ್ಲಾ ಬೀದರಿನ ಮಾತು. ಓದಿದ ರಾತ್ರಿ ನಾನು ಬಚ್ಚಲಕ್ಕ ಹೋಗಬೇಕಾದ್ರ ಲೈಟ್ ಹಚ್ಚಿ ಹೋದೆ, ಇಷ್ಟು ವಯಸ್ಸಾದವನು.

ಚಿತ್ರದ್ದು ತಿರುಗಿದ್ದು ಬೀದರ್ ಬಾಜೂದ ಅಷ್ಟೂರಿನಾಗ. ಅಲ್ಲಿ ಬಹಮನಿ ಸುಲ್ತಾನರ ಗುಂಬಜ್ ಸಾಲಾಗಿ ಅದಾವ. ಮಂದಿ ಸಂತ ಅಂತ ನಂಬೋ ಸುಲ್ತಾನ ಅಹ್ಮದ್ ಶಾ ವಲಿ ಗುಂಬಜಿನ ಒಳಗ ಗ್ವಾಡಿ ತುಂಬಾ, ಛತ್ತಿನ ತುಂಬಾ ಬಣ್ಣದ ಕೆಲಸ, ಬಂಗಾರದ ಅಕ್ಷರ, ಆದ್ರ ಒಳಗ ಕತ್ತಲಿ. ಆಕಿ ಹೋದ ದಿನ ಅಲ್ಲಿದ್ದ ಒಬ್ಬ ಅಜ್ಜಾ ಬಾಗಿಲಿನಾಗ ಕನ್ನಡಿ ಹಿಡಿದು ಬಿಸಿಲನ್ನ ಒಳಗ ಹಾಯಿಸಿ ತೋರಿಸಿದ. ಬೆಳಕಿನ ತುಂಡು ಎಲ್ಲಿ ಬೀಳ್ತದೋ ಅಷ್ಟೇ ಕಾಣಸ್ತದ, ಉಳಿದಿದ್ದು ಕತ್ತಲಿ. ಅಲ್ಲೇ ಸ್ವಲ್ಪ ದೂರ ಹುಮಾಯೂನ್ ಶಾ ಗುಂಬಜ್, 1458ರಿಂದ 1461ರ ತನಕ ಆಳಿದವ, ಜಾಲಿಂ, ಅಂದ್ರ ಕ್ರೂರಿ, ಅಂತ ಹೆಸರು ಬಿದ್ದವ, ಸಿಡಿಲು ಬಡದು ಗುಂಬಜ್ ಒಡೀತು ಅಂತ ಹೇಳ್ತಾರ, ಅರ್ಧಾ ಬಿದ್ದು ಅರ್ಧಾ ನಿಂತದ, ಹಣ್ಣು ಹೆಚ್ಚಿ ಇಟ್ಟಂಗ ಒಳಗಿನದೆಲ್ಲಾ ಬಯಲಿಗೆ ಕಾಣಸ್ತದ. ಆಕಿ ಎರಡೂ ಕಡೆ ಕುಂತು ಸ್ಕೆಚ್ ಮಾಡಿದಳು. ಆಮ್ಯಾಲ ನನಗ ಹೇಳಿದಳು, ಒಡೆದ ಗುಂಬಜ್ ನೋಡಿದ್ರ ಅಂಜಿಕಿ ಬರ್ಲಿಲ್ಲ ಅಣ್ಣಾ, ಎಲ್ಲಾ ಕಾಣಸ್ತದ ಅಲ್ಲ, ಕನ್ನಡಿ ಬೆಳಕಿನಾಗ ಬಂತು ಅಂತ. ಜಾಲಿಂ ಸುಲ್ತಾನನ ಗೋರಿಗಿಂತ ಸಂತನ ಗೋರಿ ಹೆದರಿಸ್ತು ಅನ್ನೋದು ಕೇಳಿ ನಮ್ಮ ಕಾಕಿ ಗಲ್ಲಾ ಗಲ್ಲಾ ಬಡ್ಕೊಂಡಳು.

ಈಗ ಹಾಳಾದ ಪುಸ್ತಕದ ವಿಷಯ. ಎಂಟು ಕಥಿ, ಹತ್ತು ಚಿತ್ರ. ಒಬ್ಬ ಪ್ರಕಾಶಕರು ಮಾಡ್ತೀನಿ ಅಂದ್ರು, ಹೆಸರು ಬ್ಯಾಡ. ಒಂದು ಹಾಳಿ ಮ್ಯಾಲ ‘ನನ್ನ ಕಥೆಗಳನ್ನು, ಅದರ ಚಿತ್ರಗಳನ್ನು ಪುಸ್ತಕ ರೂಪದಲ್ಲಿ ಪ್ರಕಟಿಸಲು ಒಪ್ಪಿಗೆ ಇದೆ’ ಅಂತ ಬರದು ಸಹಿ ಮಾಡಿಸ್ಕೊಂಡ್ರು, ಎಲ್ಲಾ ಕೂಡಿ 12,000 ರೂಪಾಯಿ, 25 ಪ್ರತಿ. ಮುಖಪುಟಕ್ಕ ಬ್ಯಾರೆ ಒಂದು ಪೇಂಟಿಂಗ್ ಬೇಕು ಅಂತ ಅವರೇ ಹೇಳಿ ಬರೆಸಿ 3,000 ಕೊಟ್ರು. ಡಿಟಿಪಿ ನನ್ನ ಅಂಗಡಿಯಾಗೇ ಆಯ್ತು, ಮನಿ ಕೆಲಸ ಅಂತ ಖುಷಿ ಪಟ್ಟೆ.

ನನ್ನ ಮೊದಲ ತಪ್ಪು, ಆಕಿ ಯೂನಿಕೋಡ್‌ನಾಗ ಕಳಿಸಿದ್ದನ್ನ ಹಳೇ ನುಡಿ ಫಾಂಟಿಗೆ ತಿರುಗಿಸಿದೆ, ಯಾಕಂದ್ರ ಪುಟ ಜೋಡಿಸೋ ನನ್ನ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಾಗ ಅದೇ ಓಡ್ತದ. ತಿರುಗಿಸಿದಾಗ ಅರ್ಕಾವತ್ತುಗಳು ತಮ್ಮ ಜಾಗಾ ಬಿಟ್ಟು ಬಾಜೂದ ಅಕ್ಷರಕ್ಕ ಹೋಗಿ ಕುಂತಿದ್ದವು, ನಾಲ್ಕು ಕಡೆ ನನ್ನ ಕಣ್ಣು ತಪ್ಪಿಸಿದವು. ಇದು ಸಣ್ಣದು. ದೊಡ್ಡದು ಏನಂದ್ರ, ಪುಸ್ತಕ 98 ಪುಟ ಆಗಿತ್ತು. ಪ್ರೆಸ್ಸಿನಾಗ 16 ಪುಟಕ್ಕೊಂದು ಫಾರ್ಮ್, ಅಂದ್ರ ಒಂದೇ ದೊಡ್ಡ ಹಾಳಿ ಮ್ಯಾಲ ಕೂಡಿ ಅಚ್ಚಾಗೋ ಪುಟಗಳ ಗುಂಪು, 96 ಆದ್ರ ಸರಿಯಾಗಿ ಆರು ಫಾರ್ಮ್, ಎರಡು ಪುಟಕ್ಕ ಇನ್ನೊಂದು ಫಾರ್ಮಿನ ಖರ್ಚು ಯಾಕ ಅಂತ ಪ್ರಕಾಶಕರು ಕೇಳಿದ್ರು, ಎರಡು ಪುಟ ಉಳಸು ಅಂದ್ರು, ನಾನು ಉಳಿಸಿದೆ. ಹ್ಯಾಂಗ ಉಳಿಸಿದೆ? ಸುರಂಗ ಬಾವಿ ಕಥಿಯ ಕಡೀ ಸಾಲು 47ನೇ ಪುಟದಾಗ, ಅಂದ್ರ ಬಲಗಡಿ ಪುಟ. ಚಿತ್ರ 48ಕ್ಕ ಇರಬೇಕಾಗಿತ್ತು, ಓದುವವ ಹಾಳಿ ತಿರುವಿದ ಮ್ಯಾಲ ಕಾಣಬೇಕು. ನಾನು ಅದನ್ನ ಎತ್ತಿ 46ಕ್ಕ ಇಟ್ಟೆ, ಎಡಗಡಿ. ಈಗ ಏನಾಯ್ತು, ಓದುವವ 46-47 ತೆಗೆದ ಕೂಡ್ಲೇ ಎಡಕ್ಕ ಚಿತ್ರ ಕಾಣಸ್ತದ, ಕಿಂಡಿಯೊಳಗ ಏನದ ಅಂತ ಮೊದಲೇ ಗೊತ್ತಾಗ್ತದ, ಆಮ್ಯಾಲ ಬಲಕ್ಕ ಕಥಿ ಓದ್ತಾನ. ಹೆದರಿಕಿ ಎಲ್ಲಿಂದ ಬರಬೇಕು? ಒಗಟು ಹೇಳೋಕ್ಕಿಂತ ಮೊದಲ ಉತ್ತರ ಹೇಳಿದಂಗ.

ಅದರಾಗ ಆಕಿದೂ ತಪ್ಪಿತ್ತು, ಸುಮ್ನೆ ನನ್ನೊಬ್ಬನ ಮ್ಯಾಲ ಹಾಕಬ್ಯಾಡ್ರಿ. ಕಥಿಯೊಳಗ ದೆವ್ವ ಹ್ಯಾಂಗ ಇತ್ತು ಅಂತ ಒಂದು ಅಕ್ಷರಾನೂ ಹೇಳಿಲ್ಲ, ಬರೇ ಧ್ವನಿ, ಆದ್ರ ಚಿತ್ರದಾಗ ಕೈ, ಕೂದಲು, ಹಲ್ಲು ಎಲ್ಲಾ ಬರದು ಇಟ್ಟಿದ್ದಳು. ಕಥಿಗಾರ್ತಿ ಮುಚ್ಚಿಟ್ಟಿದ್ದನ್ನ ಚಿತ್ರಗಾರ್ತಿ ಬಿಚ್ಚಿದಳು. ತೊಂಬತ್ತರ ದಶಕದಾಗ ಕರ್ನಾಟಕದ ಎಷ್ಟೋ ಊರಾಗ ಬಾಗಿಲಿಗೆ ‘ನಾಳೆ ಬಾ’ ಅಂತ ಬರೀತಿದ್ರು, ನಿಮಗ ನೆನಪದ ಅಲ್ಲ? ದೆವ್ವ ಬಂದು ಓದಿ ಹೊಳ್ಳಿ ಹೋಗ್ತದ ಅಂತ. ಎರಡೇ ಶಬ್ದ. ಅದರ ಬಾಜೂಕ ಯಾರಾದ್ರೂ ದೆವ್ವದ ಚಿತ್ರ ಬರದಿದ್ರ ಹುಡುಗರು ಮೀಸಿ ಬರದು ಆಟ ಆಡ್ತಿದ್ರು.

ಮತ್ತ ಕಪ್ಪು. ಆಕಿ ಇಂಕ್ ವಾಶ್‌ನಾಗ, ಅಂದ್ರ ಇಂಕಿಗೆ ನೀರು ಕೂಡಿಸಿ, ಬರದಿದ್ದಳು, ತೆಳು ಬೂದು, ದಟ್ಟ ಬೂದು, ಅದರೊಳಗ ಕಪ್ಪು, ಕಣ್ಣಿಗೆ ಭಾರಿ ಚಲೋ ಇತ್ತು. ಬೂದು ಅಂದ್ರ ಪ್ರೆಸ್ಸಿನಾಗ ಸಣ್ಣ ಸಣ್ಣ ಕಪ್ಪು ಚುಕ್ಕಿ, 70 ಜಿಎಸ್‌ಎಂ ಮ್ಯಾಪ್ಲಿಥೋ ಅನ್ನೋ ಸಾದಾ ಪುಸ್ತಕದ ಹಾಳಿ ಇಂಕ್ ಹೀರ್ತದ, ಚುಕ್ಕಿ ಹಿಗ್ಗಿ ಒಂದಕ್ಕೊಂದು ಹತ್ತಿ ದಟ್ಟ ಬೂದೆಲ್ಲಾ ಒಂದೇ ಮಸಿ, ತೆಳು ಬೂದು ಮಾಯ. ಹತ್ತು ಚಿತ್ರದಾಗ ಏಳು ಚಿತ್ರ ಒಲಿ ಮ್ಯಾಲಿನ ಗ್ವಾಡಿ ಫೋಟೋ ತೆಗದಂಗ ಬಂದವು. ಪುಸ್ತಕ ಕೈಗೆ ಬಂದ ದಿನ ಆಕಿ ಅಳ್ಲಿಲ್ಲ, ಬೈಲಿಲ್ಲ, ನನ್ನ ಅಂಗಡಿಯಾಗ ಕುಂತು ಒಂದೊಂದೇ ಪುಟ ತಿರುವಿ ನೋಡಿ ‘ಛಾ ಹೇಳು ಅಣ್ಣಾ’ ಅಂದಳು. ಅದು ನನಗ ಇನ್ನೂ ಚುಚ್ಚತದ.

ಒಂದೂವರಿ ವರ್ಷ ಆದ ಮ್ಯಾಲ ಬೆಂಗಳೂರಿನಿಂದ ಒಬ್ರು ಫೋನ್ ಮಾಡಿದ್ರು, ಸುರಂಗ ಬಾವಿ ಕಥಿನ ಆಡಿಯೋ ಮಾಡ್ತೀವಿ ಅಂತ. ಪ್ರಕಾಶಕರಿಗೆ ಸುದ್ದಿ ಹೋಗಿ, ಹಕ್ಕು ನಮ್ಮದು, ನಮ್ಮ ಜೋಡಿ ಮಾತಾಡಬೇಕು ಅಂದ್ರು. ಅದೇ ಹೊತ್ತಿಗೆ ಆಕಿ ಮುಖಪುಟದ ಪೇಂಟಿಂಗ್ ಬ್ಯಾರೆ ಯಾರದೋ ಕಾದಂಬರಿ ಮ್ಯಾಲ ಬಂದಿದ್ದು ಕಂಡಿತು, ಹೆಸರು ಸೈತ ಇಲ್ಲ. ಹೈಕೋರ್ಟಿನ ಕಲಬುರಗಿ ಪೀಠದಾಗ ವಕೀಲಿ ಮಾಡೋ ನಮ್ಮ ಮಾಮಾ ಒಬ್ಬರಿದ್ದಾರ, ಅವರ ಕಡೆ ಹೋದ್ವಿ. ಅವರು ಆ ಒಂದು ಹಾಳಿ ಓದಿ ಕನ್ನಡಕ ತೆಗೆದು ಹೇಳಿದ್ದು ಕೇಳಿ ನಾವಿಬ್ರೂ ಒಬ್ಬರ ಮುಖ ಒಬ್ರು ನೋಡಿದ್ವಿ, ಒಂದು ಕೇಸ್ ಗೆದ್ದೀರಿ, ಒಂದು ಸೋತೀರಿ ಅಂತ.

ಗೆದ್ದಿದ್ದು ಕಥಿದು. 1957ರ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಹಕ್ಕು ಕೊಡೋದು ಬರವಣಿಗೆಯಾಗ, ಸಹಿ ಜೋಡಿ ಇರಬೇಕು, ಯಾವ ಹಕ್ಕು ಅಂತ ಬರದಿರಬೇಕು. ಹಾಳಿಯಾಗ ‘ಪುಸ್ತಕ ರೂಪದಲ್ಲಿ’ ಅಂತಷ್ಟೇ ಅದ, ಅಂದ್ರ ಆಡಿಯೋ ಕೊಟ್ಟಿಲ್ಲ. ಎಷ್ಟು ವರ್ಷ ಅಂತ ಬರದಿಲ್ಲ ಅಂದ್ರ ಕಾಯ್ದೆ ತಾನೇ ಐದು ವರ್ಷ ಅಂತ ಹಿಡೀತದ, ಎಲ್ಲಿ ಅಂತ ಬರದಿಲ್ಲ ಅಂದ್ರ ಭಾರತದೊಳಗ ಅಷ್ಟೇ. ಒಳಗಿನ ಹತ್ತು ಚಿತ್ರ ಆಕಿ ಮೊದಲೇ ತನ್ನ ಖುಷಿಗೆ ಬರದಿದ್ದು, ಅವೂ ಆಕಿವೇ. ಸೋತಿದ್ದು ಮುಖಪುಟ. 17ನೇ ಸೆಕ್ಷನ್ ಹೇಳ್ತದ, ಒಬ್ಬರು ದುಡ್ಡು ಕೊಟ್ಟು ಹೇಳಿ ಬರೆಸಿದ ಪೇಂಟಿಂಗ್ ಇದ್ರ, ಬ್ಯಾರೆ ಒಪ್ಪಂದ ಇಲ್ಲ ಅಂದ್ರ, ಮೊದಲ ಮಾಲಕ ಬರೆಸಿದವನೇ. ಅದೇ ಹುಡುಗಿ, ಅದೇ ಕೈ, ಅದೇ ಪುಸ್ತಕ, ಆದ್ರ ಕಾಯ್ದೆ ಕಥಿಗೆ ಒಂದು ಲೆಕ್ಕ, ಬರೆಸಿದ ಚಿತ್ರಕ್ಕ ಒಂದು ಲೆಕ್ಕ. ಹೆಸರು ಹಾಕು ಅಂತ ಕೇಳೋ ಹಕ್ಕು ಮಾತ್ರ 57ನೇ ಸೆಕ್ಷನ್‌ದಾಗ ಉಳಿದದ, ಮಾರಿದ್ರೂ ಅದು ಹೋಗಂಗಿಲ್ಲ. ನೋಟಿಸ್ ಕಳಿಸಿದ್ವಿ, ಮುಂದಿನ ಮುದ್ರಣದಾಗ ಹಾಕ್ತೀವಿ ಅಂತ ಉತ್ತರ ಬಂತು, ಆ ಕಾದಂಬರಿಗೆ ಮುಂದಿನ ಮುದ್ರಣ ಇನ್ನೂ ಬಂದಿಲ್ಲ, ಬರೋ ಲಕ್ಷಣಾನೂ ಇಲ್ಲ. ಹಕ್ಕು ಬರದವರು ಸತ್ತ ಮ್ಯಾಲೂ 60 ವರ್ಷ ಇರ್ತದ ಅಂತ ಮಾಮಾ ಹೇಳಿದಾಗ ಆಕಿ ‘ಹಂಗಾದ್ರ ದೆವ್ವ ಆಗಿ ಬಂದು ರಾಯಲ್ಟಿ ಕೇಳ್ತೀನಿ ಮಾಮಾ’ ಅಂದು ನಕ್ಕಳು, ಅವತ್ತು ನಕ್ಕಿದ್ದು ನೋಡಿ ನನಗ ಸಮಾಧಾನ ಆಯ್ತು.

ಆಡಿಯೋದವರಿಗೆ ಕಥಿ ಕೊಟ್ಟಿದ್ದು ಕನ್ನಡ ಆಡಿಯೋ ಮಾತ್ರ, ಮೂರು ವರ್ಷ, 25,000. ಪೋಸ್ಟರ್ ಚಿತ್ರಕ್ಕ ಬ್ಯಾರೆ ಹಾಳಿ, ಬ್ಯಾರೆ 6,000, ಮಾಲಕಿ ಬರದಾಕಿನೇ ಅಂತ ಒಂದು ಸಾಲು ಸ್ಪಷ್ಟ. ಒಂದೇ ಹಾಳಿಯಾಗ ಕೊಟ್ಟಿದ್ರ ಆ 6,000 ಬರ್ತಿದ್ದಿಲ್ಲ, ನಾ ಬರದು ಕೊಡ್ತೀನಿ.

ಎರಡನೇ ಪುಸ್ತಕ ತಾನೇ ಮಾಡಿದಳು. ಕನ್ನಡ ಪುಸ್ತಕ ಪ್ರಾಧಿಕಾರದಾಗ ಹೊಸಬರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಅದ, ಆದ್ರ ಚೊಚ್ಚಲ ಅಂದ್ರ ಒಂದೇ ಸಲ, ಅದನ್ನ ಆ ಮಸಿ ಪುಸ್ತಕಕ್ಕ ಕಳಕೊಂಡಾಗಿತ್ತು, ಮೊದಲೇ ಯಾರಾದ್ರೂ ಹೇಳಿದ್ರ ಚಲೋ ಇತ್ತು. ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಫುಕಟ್ ಸಿಗ್ತದ, ಆನ್‌ಲೈನ್ ಅರ್ಜಿ ಹಾಕಿದ್ರಾಯ್ತು. 128 ಪುಟ, 300 ಪ್ರತಿ, ಒಂದು ಪ್ರತಿಗೆ 90 ರೂಪಾಯಿ ಬಿತ್ತು, ಬೆಲಿ 180. ಅಂಗಡಿಗೆ ಇಟ್ರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಮಿಷನ್ ಹೋಗ್ತದ, ಹಂಗಾಗಿ ಅರ್ಧಕ್ಕಿಂತ ಜಾಸ್ತಿ ತಾನೇ ಪೋಸ್ಟಿನಾಗ ಕಳಿಸಿದಳು. ಈ ಸಲ ಫಾಂಟ್ ತಿರುಗಿಸ್ಲಿಲ್ಲ, ನಾನು ಹೊಸ ಸಾಫ್ಟ್‌ವೇರ್ ಕಲ್ತೆ, 41 ವಯಸ್ಸಿನಾಗ ಕಲಿಯೋದು ದೆವ್ವಕ್ಕಿಂತ ಹೆದರಿಕಿ.

ಚಿತ್ರದ್ದು ಮಾತ್ರ ಖರೇ ಚಮತ್ಕಾರ. ಬೂದು ಪೂರಾ ಬಿಟ್ಟಳು. ಲಿನೋ, ಅಂದ್ರ ಕೊರೆದು ಇಂಕ್ ಹಚ್ಚಿ ಅಚ್ಚು ಒತ್ತೋ ಮೆತ್ತನ ಹಾಳಿ, ತಂದು ಉಳಿಯಿಂದ ಕೊರಿಯೋದು ಶುರು ಮಾಡಿದಳು, ಕೊರೆದದ್ದು ಬೆಳ್ಳಗ, ಉಳಿದದ್ದು ಕರ್ರಗ, ನಡುವ ಏನೂ ಇಲ್ಲ. ಚುಕ್ಕಿ ಇಲ್ಲ ಅಂದ ಮ್ಯಾಲ ಹಿಗ್ಗೋದೇನದ, ಎಂಥಾ ಅಗ್ಗದ ಹಾಳಿ ಮ್ಯಾಲೂ ಹಂಗೇ ಬರ್ತದ. ಚಾಚಾನ ಖೋಲಿಯೊಳಗ ನೋಡಿದ್ದೇ ಅದು, ಕಪ್ಪಿನಾಗ ಬೆಳ್ಳಿ ತಂತಿ. ಮತ್ತ ಈಗ ಚಿತ್ರದಾಗ ದೆವ್ವ ಇರಂಗಿಲ್ಲ, ಕನ್ನಡಿ ಬೆಳಕು ಬಿದ್ದಷ್ಟೇ ಜಾಗಾ, ಒಂದು ಕೊಡ, ಒಂದು ಚಪ್ಪಲಿ, ಬಾವಿಕಟ್ಟಿ ಮ್ಯಾಲ ಒದ್ದಿ ಬೆರಳಿನ ಗುರುತು. ಅದೇ ಲಿನೋದಿಂದ ಕೈಯಾಗ ದೊಡ್ಡ ಪ್ರಿಂಟ್ ತೆಗೆದು, ಒಂದೊಂದು ಚಿತ್ರಕ್ಕ 30ರಷ್ಟೇ, ನಂಬರ್ ಹಾಕಿ ಸಹಿ ಮಾಡಿ 600 ರೂಪಾಯಿಗೆ ಮಾರ್ತಾಳ. ಮೊದಲ ಚಿತ್ರದಾಗ 19 ಹೋದವು. ಪುಸ್ತಕ ತಗೊಳ್ಳದವರು ಪ್ರಿಂಟ್ ತಗೊಂಡಾರ, ಪ್ರಿಂಟ್ ಬ್ಯಾಡ ಅಂದವರು ಪುಸ್ತಕ ಓದ್ಯಾರ, ಗಿರಾಕಿನೂ ಬ್ಯಾರೆ ಬ್ಯಾರೆ.

ಇಷ್ಟಾದ್ರೂ ಹೋದ ವರ್ಷದ ಲೆಕ್ಕಾ ಹೇಳಿದ್ರ ನೀವು ನಗ್ತೀರಿ. ಎಲ್ಲಾ ಕೂಡಿ 2,30,000 ಬಂತು, ಅದರಾಗ ದೆವ್ವದಿಂದ ಬಂದಿದ್ದು 70,000. ಉಳಿದಿದ್ದು ಹುಡುಗರಿಗೆ ಡ್ರಾಯಿಂಗ್ ಟ್ಯೂಷನ್, ಮತ್ತ ಅಂಗನವಾಡಿ ಗ್ವಾಡಿ ಮ್ಯಾಲ ಮೊಲ, ಮಾವಿನಹಣ್ಣು, ಅ ಆ ಇ ಈ. ಬೆಳಗ್ಗೆ ಮೊಲಕ್ಕ ಗುಲಾಬಿ ಮೂಗು ಬರದು ಸಂಜೀಕ ಬಂದು ಬಾವಿಯೊಳಗಿನ ಕೈ ಕೊರೀತಾಳ. ಹುಡುಗನ ಕಡೆಯವರು ನೋಡ್ಲಿಕ್ಕೆ ಬಂದಾಗ ಕಾಕಿ ಪ್ರಿಂಟ್ ಎಲ್ಲಾ ಗ್ವಾಡಿ ಕಡೆ ಮುಖ ಮಾಡಿ ಇಟ್ಟಿದ್ದಳು, ಹುಡುಗನ ಅಜ್ಜಿ ಒಂದನ್ನ ತಿರುವಿ ನೋಡಿ, ಇದು ನಮ್ಮೂರ ಬಾವಿ ಇದ್ದಂಗದ ಅಲ್ಲ ಯವ್ವಾ, ಅಲ್ಲಿ ಏನಾಗಿತ್ತು ಗೊತ್ತೇನು ಅಂತ ಒಂದು ತಾಸು ಹೇಳಿದಳಂತ. ಸಂಬಂಧ ಕೂಡ್ಲಿಲ್ಲ, ಅಜ್ಜಿ ಕಥಿ ಮೂರನೇ ಪುಸ್ತಕದಾಗ ಬರ್ತದ.

ಆ ಮೂರನೇದ್ದೇ ಈಗ ನನ್ನ ಕಂಪ್ಯೂಟರ್‌ದಾಗ ಅದ. ಅಜ್ಜಿ ಕಥಿ 63ಕ್ಕ ಮುಗೀತದ, 64ನೇ ಪುಟಕ್ಕ ಯಾವ ಚಿತ್ರ ಅಂತ ಕೇಳಿದೆ. ಚಿತ್ರ ಬ್ಯಾಡ, ಪೂರಾ ಕಪ್ಪು ಮಾಡು, ಅಂಚಿಗೆ ಬಿಳಿ ಸೈತ ಬಿಡಬ್ಯಾಡ ಅಂದಳು. ಹೋದ ವಾರ ಪ್ರೆಸ್ಸಿನಾಗ ಒಂದು ಹಾಳಿ ಟೆಸ್ಟ್ ತೆಗೆಸಿದೆ. ಅಷ್ಟು ಇಂಕ್ ಲಗೂನ ಒಣಗಂಗಿಲ್ಲ, ಎದುರಿನ ಪುಟಕ್ಕ ಮಸಿ ಹತ್ತಿತು, ಹಿಡಿದ ನನ್ನ ಹೆಬ್ಬಟ್ಟಿಗೂ ಹತ್ತಿತು. ಫೋಟೋ ತೆಗೆದು ಕಳಿಸಿ, ನೋಡು ತಂಗಿ, ಇದು ಆಗಂಗಿಲ್ಲ, ಓದುವವರ ಕೈಗೆ ಕಪ್ಪು ಹತ್ತತದ ಅಂದೆ. ‘ಹತ್ಲಿ ಬಿಡು ಅಣ್ಣಾ’ ಅಂತ ಬರದು ಕಳಿಸ್ಯಾಳ. ನಾನು ಇನ್ನೂ ಹ್ಞೂಂ ಅಂದಿಲ್ಲ, ಮಂದಿ ಬೈಯೋದು ಡಿಟಿಪಿದವನಿಗೆ.